ಎಲ್ಲರೂ ಅಂದ್ರೆ ಯಾರು? ಬ್ರಿಟನ್ನಿನ ಒಂದು ಮತದಾನದ ದಿನ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ಬ್ರಿಟನ್ನಿನ ಚುನಾವಣೆ. ಅಲ್ಲಿನ ಸಂಸತ್ತು, ರಾಜಮನೆತನ, ಪಕ್ಷಗಳ ಚರಿತ್ರೆ ಅಂತ ಶುರು ಮಾಡಿದರೆ ನೀವು ಒಬ್ಬೊಬ್ಬರಾಗಿ ಕಾಫಿಗೆ ಎದ್ದು ಹೋಗುತ್ತೀರಿ. ಅದಕ್ಕೆ ಒಂದೇ ದಿನದ ಬಗ್ಗೆ ಮಾತಾಡುತ್ತೇನೆ. 2024ರ ಜುಲೈ 4, ಗುರುವಾರ. 1935ರಿಂದ ಈಚೆಗೆ ಅಲ್ಲಿ ಸಾರ್ವತ್ರಿಕ ಚುನಾವಣೆ ಅಂದರೆ ಗುರುವಾರವೇ.

ಬೆಳಿಗ್ಗೆ ಆರೂವರೆಗೆ ದಾವಣಗೆರೆಯಿಂದ ಅಮ್ಮನ ಫೋನು. "ಏನಪ್ಪಾ, ನಮ್ ಹುಬ್ಬಳ್ಳಿ ಅಳಿಯ ಗೆಲ್ತಾನೇನು?" ಅಂದರೆ ಆಗಿನ ಪ್ರಧಾನಿ ರಿಷಿ ಸುನಕ್. ಹೆಂಡತಿ ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹಾಗಾಗಿ ಅಮ್ಮನ ಲೆಕ್ಕದಲ್ಲಿ ಅವರ ಕನ್ಸರ್ವೇಟಿವ್ ಪಕ್ಷ ಬೀಗರ ಪಕ್ಷ.

"ಕಷ್ಟ ಅಮ್ಮ, ಲೇಬರ್ ಬರುತ್ತೆ" ಅಂದೆ.

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಿದಾರೆ."

"ಎಲ್ಲರೂ ಅಂದ್ರೆ ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ.

ಏಳಕ್ಕೆ ಮತಗಟ್ಟೆ ತೆರೆಯುತ್ತದೆ, ರಾತ್ರಿ ಹತ್ತರವರೆಗೆ ಇರುತ್ತದೆ. ನಾನಿರುವುದು ರೀಡಿಂಗ್ ಊರಿನ ಅಂಚಿಗೆ, ಅರ್ಲಿ ಅನ್ನುವ ಕಡೆ. ನಮ್ಮ ಮತಗಟ್ಟೆ ಒಂದು ಚರ್ಚಿನ ಹಾಲ್. ನನ್ನ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶದವರು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದು ಹೆಸರು ಸೇರಿಸಿಕೊಂಡರೆ ಮತ ಹಾಕಬಹುದು. ಇಲ್ಲಿಂದ ಓದಲಿಕ್ಕೆ ಹೋದ ನಿಮ್ಮ ಮಗಳೂ ಹಾಕಬಹುದು. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು ಅನ್ನುವ ನಿಯಮ ಸಾರ್ವತ್ರಿಕ ಚುನಾವಣೆಗೆ ಬಂದಿದ್ದು ಅದೇ ಮೊದಲು. ಅದಕ್ಕೂ ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ.

ಮೇಜಿನ ಹಿಂದೆ ಕೂತ ಹೆಂಗಸು ಪಟ್ಟಿಯ ಮೇಲೆ ಸ್ಕೇಲ್ ಇಟ್ಟು, ನನ್ನ ಹೆಸರು ಹುಡುಕಿ, ನೀಟಾಗಿ ಗೆರೆ ಎಳೆದರು. ಬ್ಯಾಲೆಟ್ ಪೇಪರ್ ಕೊಟ್ಟರು. ಮರೆಯಲ್ಲಿ ದಾರಕ್ಕೆ ಕಟ್ಟಿದ ಒಂದು ಮೋಟು ಪೆನ್ಸಿಲ್. ಬೇಕಾದ ಹೆಸರಿನ ಮುಂದೆ ಒಂದು ಕತ್ತರಿ (X) ಗುರುತು ಹಾಕಿ ಪೆಟ್ಟಿಗೆಗೆ ಹಾಕಬೇಕು. ಬೆರಳಿಗೆ ಶಾಯಿ ಇಲ್ಲ. ನಾವಾದರೆ ಶಾಯಿಯ ಬೆರಳು ಎತ್ತಿ ಫೋಟೊ ಹಾಕುತ್ತೇವೆ, ಅಲ್ವಾ? ಅವರಿಗೆ ಬೆರಳಿಲ್ಲ, ನಾಯಿ ಇದೆ. ಮತಗಟ್ಟೆಯ ಬಾಗಿಲಲ್ಲಿ ನಾಯಿ ಕೂರಿಸಿ ಫೋಟೊ ತೆಗೆಯುವುದೇ ಅಲ್ಲಿನ ಸಂಪ್ರದಾಯ ಆಗಿಬಿಟ್ಟಿದೆ.

ಹೊರಗೆ ಪಕ್ಷದ ಬಣ್ಣದ ರಿಬ್ಬನ್ ಹೂವು ಚುಚ್ಚಿಕೊಂಡ ಒಬ್ಬರು ಕುರ್ಚಿ ಹಾಕಿ ಕೂತಿದ್ದರು. ಇವರಿಗೆ ಟೆಲ್ಲರ್ ಅನ್ನುತ್ತಾರೆ. ಯಾರಿಗೆ ಹಾಕಿದಿರಿ ಅಂತ ಕೇಳುವುದಿಲ್ಲ. ನಿಮ್ಮ ನಂಬರ್ ಅಷ್ಟೇ ಕೇಳುತ್ತಾರೆ. ತಮ್ಮವರು ಯಾರು ಇನ್ನೂ ಬಂದಿಲ್ಲ ಅಂತ ಪಟ್ಟಿ ನೋಡಿ, ಸಂಜೆ ಹೋಗಿ ಅವರ ಬಾಗಿಲು ಬಡಿಯಲಿಕ್ಕೆ. ಹೇಳಬೇಕು ಅನ್ನುವ ಕಡ್ಡಾಯ ಏನೂ ಇಲ್ಲ. ನಾನು ಹೇಳಿದೆ. ಪಾಪ, ಗಾಳಿಯಲ್ಲಿ ಕೂತಿದ್ದರು.

ಅಲ್ಲಿಯ ಜನ "ಯಾರಿಗೆ ಹಾಕಿದ್ರಿ" ಅಂತ ಬಾಯಿ ಬಿಟ್ಟು ಕೇಳುವುದು ಕಡಿಮೆ. ಅದು ಸಂಬಳ ಎಷ್ಟು ಅಂತ ಕೇಳಿದ ಹಾಗೆ. ಆದರೆ "ಯಾರು ಗೆಲ್ತಾರೆ ಅನ್ಸುತ್ತೆ" ಅಂತ ಕೇಳಿ ನೋಡಿ, ಮಾತು ನಿಲ್ಲುವುದೇ ಇಲ್ಲ. ಕೇಳಿಸಿಕೊಂಡರೆ ಅವರ ಮತ ಯಾವ ಕಡೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬರು ಅಜ್ಜ ಇದ್ದಾರೆ. ಗೇಟಿನ ಹತ್ತಿರ ಗುಲಾಬಿ ಗಿಡ ಕತ್ತರಿಸುತ್ತ ನಿಂತಿದ್ದರು. "ದೇಶದಲ್ಲಿ ಏನಾದರೂ ಆಗಲಿ, ಇಲ್ಲಿ ಮಾತ್ರ ಟೋರಿಗಳೇ. ಈ ಬೀದಿಯಲ್ಲಿ ಲೇಬರ್ ಬೋರ್ಡು ಎಷ್ಟಿವೆ ನೋಡು, ಎರಡೇ ಎರಡು" ಅಂದರು. ಟೋರಿಗಳು ಅಂದರೆ ಕನ್ಸರ್ವೇಟಿವ್ ಪಕ್ಷದವರು. ನಮ್ಮ ಆಫೀಸಿನ ಹುಡುಗಿಯೊಬ್ಬಳು ಮಧ್ಯಾಹ್ನ ಹೇಳಿದ್ದು ಬೇರೆ: "ನನಗೆ ಗೊತ್ತಿರುವವರಲ್ಲಿ ಒಬ್ಬರೂ ಟೋರಿಗೆ ಹಾಕ್ತಿಲ್ಲ." ಅಜ್ಜನ "ಎಲ್ಲರೂ" ಅಂದರೆ ಅವರ ಬೀದಿ. ಅವಳ "ಎಲ್ಲರೂ" ಅಂದರೆ ಅವಳ ಫೋನಿನಲ್ಲಿರುವ ಗೆಳೆಯರು. ಇಬ್ಬರೂ ಸುಳ್ಳು ಹೇಳಲಿಲ್ಲ. ಕಂಡಷ್ಟು ಹೇಳಿದರು. ನಮ್ಮ ಕಡೆ ಅರಳಿಕಟ್ಟೆಯಲ್ಲಿ ಕೂತು ಇಡೀ ಜಿಲ್ಲೆಯ ಫಲಿತಾಂಶ ಹೇಳುವವರು ಇಲ್ವಾ, ಹಾಗೆ.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಂತೂ ಬೆಳಿಗ್ಗೆಯಿಂದಲೇ ಕುದಿಯುತ್ತಿತ್ತು. ಒಬ್ಬ ಗೆಳೆಯ ಬಾಜಿ ಅಂಗಡಿಗೆ ಹೋಗಿ ಹತ್ತು ಪೌಂಡ್ ಕಟ್ಟಿ ಬಂದ. ಅಲ್ಲಿ ಚುನಾವಣೆಯ ಮೇಲೆ ಬಾಜಿ ಕಟ್ಟುವುದು ಕಾನೂನುಬದ್ಧ. ಇನ್ನೊಬ್ಬ ಮತಗಟ್ಟೆಯ ಹೊರಗೆ ನಿಂತು ಇಪ್ಪತ್ತು ಜನರನ್ನು ಕೇಳಿ ಫಲಿತಾಂಶ ಹಾಕುತ್ತೇನೆ ಅಂತ ಹೊರಟ. ಅವನನ್ನು ತಡೆಯಬೇಕಾಯಿತು. ಮತ ಹಾಕಿ ಬಂದವರನ್ನು ಕೇಳಿ, ಅದನ್ನು ಹತ್ತು ಗಂಟೆಯೊಳಗೆ ಪ್ರಕಟಿಸಿದರೆ 1983ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಅಪರಾಧ. "ನಾನು ಇಂಥವರಿಗೆ ಹಾಕಿದೆ, ಇಂಥವರು ಗೆಲ್ತಾರೆ ಅನ್ಸುತ್ತೆ" ಅಂತ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ.

ಟಿವಿಯವರ ಪಾಡು ಇನ್ನೂ ತಮಾಷೆ. ಮತಗಟ್ಟೆ ತೆರೆದ ಕೂಡಲೇ ಚುನಾವಣೆಯ ವಿಷಯಗಳ ಚರ್ಚೆ ನಿಲ್ಲಿಸಬೇಕು, ಸಮೀಕ್ಷೆ ತೋರಿಸಬಾರದು ಅಂತ ನಿಯಮ. ವರ್ಷವಿಡೀ ಕಿರುಚುವ ವಾಹಿನಿಗಳು ಆ ಒಂದು ದಿನ ನಾಯಕರು ಮತ ಹಾಕಿದ್ದು, ಹವಾಮಾನ ಮತ್ತೆ ಅದೇ ನಾಯಿಗಳನ್ನು ತೋರಿಸಿಕೊಂಡು ಇರುತ್ತವೆ. ನನಗೆ ಅದು ತುಂಬಾ ಇಷ್ಟ. ಟಿವಿ ಬಾಯಿ ಮುಚ್ಚಿದಾಗ ಜನ ಬಾಯಿ ಬಿಡುತ್ತಾರೆ.

ಸಮೀಕ್ಷೆಗಳು ಎಡವಿದ ಕಥೆ ಅಲ್ಲಿ ಬೇಕಾದಷ್ಟಿದೆ. 1992ರಲ್ಲಿ ಅತಂತ್ರ ಸಂಸತ್ತು ಅಂತ ಕಾಯುತ್ತಿದ್ದರೆ ಜಾನ್ ಮೇಜರ್ 21 ಸೀಟುಗಳ ಬಹುಮತದಿಂದ ಗೆದ್ದರು. ಟೋರಿಗೆ ಹಾಕುವವರು ಹೇಳಿಕೊಳ್ಳಲು ನಾಚಿಕೊಂಡರು ಅನ್ನುವ ಮಾತು ಆಗ ಹುಟ್ಟಿತು. 2015ರಲ್ಲಿ ಟೋರಿ, ಲೇಬರ್ ಇಬ್ಬರೂ ಸಮಸಮ ಅಂದರು. ಟೋರಿಗಳು ಶೇ. 6ಕ್ಕೂ ಹೆಚ್ಚು ಮುಂದಿದ್ದರು. ದೊಡ್ಡ ರಂಪವಾಯಿತು, ತನಿಖೆಯಾಯಿತು. ಆದರೆ 2024ರ ಕಥೆ ಕೇಳಿ. ಕೊನೆಯ ಸಮೀಕ್ಷೆಗಳು ಲೇಬರ್‌ಗೆ ಶೇ. 18ರ ಆಸುಪಾಸು ಮುನ್ನಡೆ ಕೊಟ್ಟಿದ್ದವು. ಬಂದಿದ್ದು 10. ತಪ್ಪು 2015ರದಕ್ಕಿಂತ ಕಡಿಮೆಯೇನಲ್ಲ. ಆದರೂ ಅಂಥ ರಂಪವಾಗಲಿಲ್ಲ. ಗೆದ್ದವರ ಹೆಸರು ಸರಿಯಾಗಿತ್ತಲ್ಲ, ಅಷ್ಟು ಸಾಕಾಯಿತು!

ಹತ್ತು ಗಂಟೆಗೆ ಎಕ್ಸಿಟ್ ಪೋಲ್. ಬಿಬಿಸಿ, ಐಟಿವಿ, ಸ್ಕೈ ಮೂರೂ ಸೇರಿ ಮಾಡಿಸುವ ಒಂದೇ ಸಮೀಕ್ಷೆ. ಸುಮಾರು 130 ಮತಗಟ್ಟೆಗಳ ಹೊರಗೆ ನಿಂತು, ಮತ ಹಾಕಿ ಬಂದವರಿಗೆ ಇನ್ನೊಂದು ನಕಲಿ ಬ್ಯಾಲೆಟ್ ಕೊಟ್ಟು, ಈಗ ಒಳಗೆ ಮಾಡಿದ್ದನ್ನೇ ಮಾಡಿ ಈ ಡಬ್ಬಿಗೆ ಹಾಕಿ ಅನ್ನುತ್ತಾರೆ. ಬಾಯಲ್ಲಿ ಹೇಳುವ ಮುಜುಗರ ಇಲ್ಲ. ಸಾಧ್ಯವಾದಷ್ಟೂ ಕಳೆದ ಸಲದ ಮತಗಟ್ಟೆಗಳಿಗೇ ಮತ್ತೆ ಹೋಗುತ್ತಾರೆ. ಯಾರಿಗೆ ಎಷ್ಟು ಅನ್ನುವುದಕ್ಕಿಂತ, ಅದೇ ಜಾಗದಲ್ಲಿ ಹಿಂದಿನ ಸಲಕ್ಕಿಂತ ಎಷ್ಟು ಬದಲಾಗಿದೆ ಅನ್ನುವುದು ಅವರಿಗೆ ಮುಖ್ಯ. ಜಾನ್ ಕರ್ಟಿಸ್ ಅನ್ನುವ ಪ್ರೊಫೆಸರ್ ತಂಡ ದಿನವಿಡೀ ಒಂದು ಕೋಣೆಯಲ್ಲಿ ಕೂತು ಅದನ್ನು ಸೀಟುಗಳಿಗೆ ಇಳಿಸುತ್ತದೆ. ಅವರೂ "ಎಲ್ಲರನ್ನೂ" ಕೇಳುವುದಿಲ್ಲ. ಆದರೆ ಯಾರನ್ನು ಕೇಳಿದೆವು ಅನ್ನುವುದು ಅವರಿಗೆ ಗೊತ್ತಿರುತ್ತದೆ. 2015ರಲ್ಲಿ ಲಿಬರಲ್ ಡೆಮಾಕ್ರಾಟ್‌ಗಳಿಗೆ ಬರೀ 10 ಸೀಟು ಅಂತ ಬಂದಾಗ, ಆ ಪಕ್ಷದ ಹಿರಿಯರಾದ ಪ್ಯಾಡಿ ಆಶ್‌ಡೌನ್ ಇದು ನಿಜವಾದರೆ ನನ್ನ ಟೋಪಿ ತಿನ್ನುತ್ತೇನೆ ಅಂದರು. ಬಂದಿದ್ದು 8. ಮಾರನೇ ದಿನ ಅವರಿಗೆ ಟೋಪಿ ಆಕಾರದ ಕೇಕ್ ಕೊಟ್ಟರು.

ನಮ್ಮ ಮನೆಯಲ್ಲಿ ಅವತ್ತು ರಾತ್ರಿ ಎಂಟು ಜನ, ಒಂದು ದೊಡ್ಡ ಪಾತ್ರೆ ಚಿತ್ರಾನ್ನ. ಹತ್ತು ಹೊಡೆಯಿತು. ಲೇಬರ್ 410, ಕನ್ಸರ್ವೇಟಿವ್ 131. ಸೌಟು ಹಿಡಿದವರು ಸೌಟು ಹಿಡಿದೇ ನಿಂತರು. ಇಂಡಿಯಾದಲ್ಲಿ ಆಗ ರಾತ್ರಿ ಎರಡೂವರೆ. ಹನ್ನೊಂದೂಕಾಲಿಗೆ ಸಂಡರ್‌ಲ್ಯಾಂಡ್ ಕಡೆಯಿಂದ ಮೊದಲ ಫಲಿತಾಂಶ ಬಂತು. ಆ ಊರಿನವರಿಗೆ ಎಲ್ಲರಿಗಿಂತ ಬೇಗ ಎಣಿಸುವ ಚಟ.

ಕೊನೆಗೆ ಟೋರಿಗಳು ಇಳಿದಿದ್ದು 121ಕ್ಕೆ. ರಿಫಾರ್ಮ್ ಅನ್ನುವ ಇನ್ನೊಂದು ಪಕ್ಷಕ್ಕೆ 13 ಅಂದಿದ್ದರು, ಬಂದಿದ್ದು 5. ಮತ ಮಾತ್ರ ಶೇ. 14. ಅದಕ್ಕಿಂತ ಕಡಿಮೆ ಮತ ಬಿದ್ದ ಲಿಬರಲ್ ಡೆಮಾಕ್ರಾಟ್‌ಗಳಿಗೆ 72 ಸೀಟು. ನಮ್ಮ ಹಾಗೆಯೇ ಕ್ಷೇತ್ರದಲ್ಲಿ ಯಾರು ಮುಂದೋ ಅವರೇ ಗೆದ್ದರು ಅನ್ನುವ ಪದ್ಧತಿ. ಬೀದಿ ನೋಡಿ ಲೆಕ್ಕ ಹಾಕುವವರಿಗೆ ಇದು ಸಿಗುವುದೇ ಇಲ್ಲ. ಅರ್ಲಿಯಲ್ಲಿ ಲೇಬರ್ ಗೆದ್ದಿತು, ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ. ಅಜ್ಜ ಎರಡು ದಿನ ಗುಲಾಬಿ ಗಿಡದ ಹತ್ತಿರ ಕಾಣಿಸಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಮ್ಮ ಮತ್ತೆ ಫೋನ್ ಮಾಡಿದಳು. ಸುನಕ್ ಡೌನಿಂಗ್ ಸ್ಟ್ರೀಟಿನಲ್ಲಿ, ಪ್ರಧಾನಿ ಮನೆಯ ಮುಂದೆ, ವಿದಾಯ ಹೇಳಿದ್ದು ನೋಡಿದ್ದಳು. ಹಿಂದೆ ಅಕ್ಷತಾ ಛತ್ರಿ ಹಿಡಿದು ನಿಂತಿದ್ದರು. ಮೇ 22ರಂದು ಅದೇ ಜಾಗದಲ್ಲಿ, ಸುರಿಯುವ ಮಳೆಯಲ್ಲಿ ಛತ್ರಿಯೂ ಇಲ್ಲದೆ ನೆನೆಯುತ್ತ ಸುನಕ್ ಈ ಚುನಾವಣೆ ಘೋಷಿಸಿದ್ದನ್ನೂ ಅಮ್ಮ ನೋಡಿದ್ದಳು. ಫಲಿತಾಂಶದ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಆ ಛತ್ರಿ ಅವತ್ತೇ ತಗೊಂಡು ಹೋಗಬಾರದಾಗಿತ್ತಾ?" ಅಂದಳು.