ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕೀಳಬೇಡಿ

ಕೇಳುಗರೇ, ನಮಸ್ಕಾರ.

ಗಂಗಾವತಿ, ಕಾರಟಗಿ ಕಡೆ ಭತ್ತದ ಕೊಯ್ಲು ಶುರುವಾದರೆ ಲಾರಿ, ಟ್ರ್ಯಾಕ್ಟರ್‌ಗಳಿಗೆ ಪುರುಸೊತ್ತೇ ಇರುವುದಿಲ್ಲ. ಆಗಲೇ ಗಾಡಿ ಕೈಕೊಟ್ಟರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಗಾಡಿ ಕೆಡಿಸುವ ಒಂದು ಹಳೇ ರೂಢಿ ನಮ್ಮಲ್ಲಿದೆ.

ಬ್ಯಾಟರಿ ಚಾರ್ಜ್ ಆಗುತ್ತಿದೆಯಾ ಅಂತ ನೋಡಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕೀಳುತ್ತಾರೆ. ಲೈಟ್ ಆರದಿದ್ದರೆ ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಸರಿಯಿದೆ ಅಂತ ಲೆಕ್ಕ. ಡೈನಮೋ ಕಾಲದ ಗಾಡಿಯಲ್ಲಿ ಕೆಡಲು ಬಲ್ಬು ಬಿಟ್ಟರೆ ಹೆಚ್ಚೇನೂ ಇರಲಿಲ್ಲ, ನಡೆಯಿತು. ಆದರೆ ಹೊಗೆ ಕಡಿಮೆ ಮಾಡುವ ಬಿಎಸ್ 6 ನಿಯಮದಂತೆ 2020ರ ಏಪ್ರಿಲ್‌ನಿಂದ ಬಂದ ಲಾರಿಗಳಲ್ಲಿ ಡೀಸೆಲ್ ಬಿಡುವುದರಿಂದ ಹೊಗೆ ಅಳೆಯುವವರೆಗೂ ಇಸಿಯು ಅನ್ನುವ ಕಂಪ್ಯೂಟರ್ ಪೆಟ್ಟಿಗೆಯದ್ದೇ ಕಾರುಬಾರು.

ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುತ್ತಿರುವಾಗ ವೈರ್ ಕಿತ್ತರೆ, ಬ್ಯಾಟರಿಗೆ ಹೋಗುತ್ತಿದ್ದ ಕರೆಂಟಿಗೆ ದಾರಿ ತಪ್ಪುತ್ತದೆ. ಆಲ್ಟರ್ನೇಟರ್ ತಕ್ಷಣ ತಗ್ಗುವುದಿಲ್ಲ, ವೋಲ್ಟೇಜ್ ಚಿಮ್ಮುತ್ತದೆ. ತಡೆಯುವ ಡಯೋಡ್ ಇಲ್ಲದಿದ್ದರೆ 12 ವೋಲ್ಟಿನ ಗಾಡಿಯಲ್ಲಿ 80ರಿಂದ 100 ವೋಲ್ಟ್, 24 ವೋಲ್ಟಿನ ಲಾರಿಯಲ್ಲಿ 200ರ ಹತ್ತಿರ ಹೋಗಬಹುದು. ಅರ್ಧ ಸೆಕೆಂಡೂ ಇರುವುದಿಲ್ಲ, ಆದರೆ ಇಸಿಯು ಸುಡಲು ಅಷ್ಟು ಸಾಕು.

ಯಾರೂ ಕೀಳದೆಯೂ ಇದು ಆಗುತ್ತದೆ. ಟರ್ಮಿನಲ್ ಲೂಸಾಗಿ, ಸುತ್ತ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕೇ ಸಂಪರ್ಕ ತಪ್ಪುತ್ತದೆ. ಇಂಜಿನ್ ಆಫ್ ಮಾಡಿ ಕ್ಲಾಂಪ್ ಹಿಡಿದು ತಿರುಗಿಸಿ. ಕೈಗೆ ಅಲ್ಲಾಡಿದರೆ ಬಿಗಿ ಮಾಡಿಸಿ.

ಚಾರ್ಜಿಂಗ್ ನೋಡಲು ಒಂದು ಮಲ್ಟಿಮೀಟರ್ ಸಾಕು. 12 ವೋಲ್ಟಿನ ಗಾಡಿಯಲ್ಲಿ ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ತೋರಿಸಬೇಕು. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ನೋಡಿಸಿ. 12 ವೋಲ್ಟಿನ ಕಾರು ಸ್ಟಾರ್ಟ್ ಆಗದಿದ್ದರೆ 24 ವೋಲ್ಟಿನ ಲಾರಿಯ ಬ್ಯಾಟರಿಯಿಂದ ವೈರ್ ಎಳೆದು ಜಂಪ್ ಮಾತ್ರ ಕೊಡಲೇಬೇಡಿ.

ಇನ್ನು ವೆಲ್ಡಿಂಗ್, ಅದರ ಕರೆಂಟಿನಿಂದಲೂ ಇಸಿಯು ಕೆಡಬಹುದು. ಸಂಡೂರು ಕಡೆ ಅದಿರು ಹೊರುವ ಟಿಪ್ಪರ್ ಇರಲಿ, ಭತ್ತದ ಲಾರಿ ಇರಲಿ, ಬಾಡಿ ಬಿರುಕು ಬಿಡುವುದು ಇದ್ದದ್ದೇ. ಬೆಸುಗೆಗೆ ಮೊದಲು ಕೀ ತೆಗೆದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ, ನಂತರ ಪ್ಲಸ್. ಕಂಪನಿ ಪುಸ್ತಕದಲ್ಲಿ ಇಸಿಯು ಕನೆಕ್ಟರ್ ತೆಗೆಯಿರಿ ಅಂತ ಇದ್ದರೆ ಅದನ್ನೂ ತೆಗೆಸಿ, ಎಷ್ಟೇ ಅವಸರ ಇರಲಿ. ವೆಲ್ಡಿಂಗ್‌ನ ಅರ್ಥ್ ಕ್ಲಾಂಪ್ ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ, ಪೇಂಟ್ ಕೆರೆದು ಹಿಡಿಸಿ. ದೂರದಲ್ಲಿ ಎಲ್ಲೋ ಸಿಕ್ಕಿಸಿದರೆ ಕರೆಂಟ್ ಬೇರಿಂಗ್, ಸೆನ್ಸರ್ ವೈರುಗಳ ಮೂಲಕ ಹಾಯುತ್ತದೆ. ಕೆಲಸ ಮುಗಿದ ಮೇಲೆ ಮೊದಲು ಪ್ಲಸ್, ಕೊನೆಗೆ ಮೈನಸ್ ಹಾಕಿ.

ನಮಸ್ಕಾರ.