ಬೆನ್ನುಹತ್ತದ ನಾಯಿ

ನಮಸ್ಕಾರ, ಕೇಳುಗರೇ.

ಧಾರವಾಡದ ನಮ್ಮ ಓಣಿಯ ಮಕ್ಕಳಿಗೆ ಭಾನುವಾರಕ್ಕೊಂದು ಕಥೆ ಓದಿ ಹೇಳುವ ರೂಢಿ ನನ್ನದು. ಹೋದ ತಿಂಗಳು ಬಕ್ ಎಂಬ ನಾಯಿಯ ಕಥೆ ಹಿಡಿದಿದ್ದೆ, ಅಮೆರಿಕದ ಲೇಖಕ ಜ್ಯಾಕ್ ಲಂಡನ್ 1903ರಲ್ಲಿ ಪ್ರಕಟಿಸಿದ್ದು. ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಸುಖವಾಗಿದ್ದ ನಾಯಿಯನ್ನು ಕದ್ದು ಮಾರುತ್ತಾರೆ. ಚಿನ್ನದ ಆಸೆಗೆ ಜನ ನುಗ್ಗುತ್ತಿದ್ದ ಹಿಮದ ನಾಡಿನಲ್ಲಿ ಅದು ಜಾರುಬಂಡಿ ಎಳೆಯುತ್ತದೆ. ಜ್ಯಾಕ್ ಲಂಡನ್ 1897ರಲ್ಲಿ ತಾನೇ ಅಲ್ಲಿಗೆ ಹೋಗಿದ್ದವ. ಅದಕ್ಕೇ, ಕುಂಟುವ ಬಕ್‌ಗೆ ಬಂಡಿಯವನು ತನ್ನ ಪಾದರಕ್ಷೆಯ ಚರ್ಮವನ್ನೇ ಕತ್ತರಿಸಿ ಕಾಲಿಗೆ ತೊಡಿಸುವ ವಿವರ ಕೂಡ ಅಲ್ಲಿದೆ. ತೊಡಿಸಲು ಮರೆತ ದಿನ ಬಕ್ ಅಂಗಾತ ಬಿದ್ದು ನಾಲ್ಕೂ ಕಾಲು ಆಡಿಸುತ್ತದೆ! ಮಕ್ಕಳು ಅದನ್ನು ಮೂರು ಸಲ ಓದಿಸಿದರು.

ಗದಗ ಕಡೆಯಿಂದ ಬಂದಿದ್ದ ಕುರಿಗಾರರ ಹುಡುಗ ಮಾತ್ರ ಸುಮ್ಮನೆ ಕೂತಿದ್ದ. ಆಮೇಲೆ ಅಂದ: "ನಮ್ಮ ನಾಯಿ ತ್ವಾಳ ಬಂದ್ರೂ ಬೆನ್ನಹತ್ತಂಗಿಲ್ರೀ ಸರ."

ಉಳಿದವರು ನಕ್ಕರು. ಅವನು ನಗಲಿಲ್ಲ.

"ಒಂದು ತ್ವಾಳ ಮುಂದ ಬಂದು ನಾಯೀನ ದೂರ ಎಳಕೊಂಡು ಹೋಗ್ತೈತ್ರಿ. ಇನ್ನೊಂದು ಹಿಂದಿಂದ ಬಂದು ಮರಿ ಒಯ್ತೈತಿ. ಅದಕ್ಕ ನಮ್ಮದು ಕುರಿ ಬಿಟ್ಟು ಕದಲಂಗಿಲ್ಲ."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ನಾಯಿ, ಮನುಷ್ಯರಂತೆ ಮಾತಾಡುವ ನಾಯಿ, ಇವನ್ನೇ ಮಕ್ಕಳಿಗೆ ಕೊಡುತ್ತಾ ಬಂದಿದ್ದೆ. ನಾಯಿಯ ಬಾಯಿಗೆ ನಮ್ಮ ಮಾತು ತುರುಕಿದರೆ ಅಲ್ಲಿ ನಾಯಿಯೇ ಉಳಿಯುವುದಿಲ್ಲ. ಅದರ ಕೆಲಸ ಗೊತ್ತಿದ್ದವರು ಬರೆಯಬೇಕು. ಸುಗ್ಗಿ ಮುಗಿದ ಎರಿಹೊಲ, ಗೊಬ್ಬರಕ್ಕೆಂದು ರಾತ್ರಿ ನಿಲ್ಲಿಸಿದ ಕುರಿಗಳು, ಸುತ್ತ ಕಟ್ಟಿದ ಬಲೆ, ಕಂಬಳಿ ಹೊದ್ದು ಅರೆಗಣ್ಣಲ್ಲಿರುವ ಅಜ್ಜ, ಕತ್ತಲ ಕಡೆಗೆ ಕಿವಿ ನಿಮಿರಿಸಿದ ನಾಯಿ. ಓಡಿಹೋಗಬೇಕೆಂಬ ಆಸೆಯನ್ನು ಆ ನಾಯಿ ಹಲ್ಲು ಕಚ್ಚಿ ತಡೆಯುತ್ತದಲ್ಲ, ಅದಕ್ಕಿಂತ ದೊಡ್ಡ ಸಾಹಸ ಯಾವುದು?

ದುಡಿದ ನಾಯಿಯನ್ನು ನೆನೆಯುವುದು ಕನ್ನಡಕ್ಕೆ ಹೊಸದೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಮೆಚ್ಚಿಸಿದ ತನ್ನ ಯೋಧ ಮಣಲೇರನಿಗೆ ಗಂಗರ ಅರಸ ಬೂತುಗ "ಬೇಡಿದ್ದು ಕೊಡುತ್ತೇನೆ" ಎಂದಾಗ, ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಕಾದಿತು. ಎರಡೂ ಸತ್ತವು. ಅವೆರಡರ ಕಾಳಗವನ್ನೇ ಕಲ್ಲಿನಲ್ಲಿ ಕೆತ್ತಿಸಿದರು.

ಮುಂದಿನ ಭಾನುವಾರ ಆ ಹುಡುಗನಿಗೆ ನಿನ್ನ ನಾಯಿಯ ಕಥೆ ಬರಿ ಎಂದೆ. ಒಂದು ಹಾಳೆ ಬರೆದು ತಂದ. ಕತ್ತಲಲ್ಲಿ ಎರಡು ಕಣ್ಣು ಹೊಳೆದವು, ನಾಯಿ ಎದ್ದು ನಿಂತಿತು. ಅಲ್ಲಿಗೆ ನಿಲ್ಲಿಸಿದ್ದ.

"ಮುಂದೇನಾತೋ?" ಅಂದೆ.

"ಬೆಳಗಾತ್ರಿ ಸರ. ಎಲ್ಲಾ ಕುರಿ ಇದ್ವು."