ಏಜೆಂಟರಿಗೆ ಬರೆಯುವ ಪತ್ರದಲ್ಲಿ ನಮ್ಮ ಬಗ್ಗೆ ಎಷ್ಟು ಹೇಳಬೇಕು?

ಕೇಳುಗರಿಗೆ ನಮಸ್ಕಾರ.

ಕನ್ನಡದಲ್ಲಿ ಪುಸ್ತಕ ಬರೆದವರು ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರಿಗೆ ಕೊಡುತ್ತಾರೆ. ನಡುವೆ ಇನ್ನೊಬ್ಬರು ಇರುವುದು ಅಪರೂಪ. ನ್ಯೂಯಾರ್ಕ್ ಮತ್ತು ಲಂಡನ್ನಿನ ಪ್ರಕಾಶನ ಲೋಕದಲ್ಲಿ ಹಾಗಲ್ಲ. ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆಗಳು ಲೇಖಕರೇ ಕಳಿಸಿದ ಹಸ್ತಪ್ರತಿಯನ್ನು ಸಾಮಾನ್ಯವಾಗಿ ಪರಿಶೀಲಿಸುವುದಿಲ್ಲ. ಸಾಹಿತ್ಯ ಏಜೆಂಟರೊಬ್ಬರು ಕೃತಿಯನ್ನು ಮೆಚ್ಚಿ, ಲೇಖಕರ ಪರವಾಗಿ ಸಂಪಾದಕರ ಮುಂದಿಡಬೇಕು. ಪುಸ್ತಕ ಮಾರಾಟವಾದ ಮೇಲೆ ಲೇಖಕರ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇ 15ರಷ್ಟು ಕಮಿಷನ್ ಅವರಿಗೆ ಸಲ್ಲುತ್ತದೆ. ಓದುವುದಕ್ಕೇ ಶುಲ್ಕ ಕೇಳುವವರಿಂದ ದೂರವಿರುವುದು ಕ್ಷೇಮ.

ಆ ಏಜೆಂಟರಿಗೆ ಮೊದಲು ತಲುಪುವುದು ಸುಮಾರು 300 ಪದಗಳ, ಒಂದು ಪುಟದ ಕ್ವೆರಿ ಪತ್ರ, ಅಂದರೆ ಕೃತಿಯನ್ನು ಓದಿ ನೋಡುವಿರಾ ಎಂದು ಕೇಳುವ ಪತ್ರ. ಕೃತಿಯ ಹೆಸರು, ಪ್ರಕಾರ, ಪದಸಂಖ್ಯೆ, ಕಥೆಯ ತಿರುಳು ಇವೆಲ್ಲ ಬಂದ ಮೇಲೆ, ಕೊನೆಯಲ್ಲಿ ಲೇಖಕರ ಪರಿಚಯಕ್ಕೆ ಮೂರು ನಾಲ್ಕು ವಾಕ್ಯಗಳಷ್ಟೇ ಜಾಗ ಉಳಿಯುತ್ತದೆ. ಬೆಂಗಳೂರಿನಲ್ಲಿ, ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆಯುತ್ತಿರುವ ಕನ್ನಡಿಗರನೇಕರು ಈ ವಾಕ್ಯಗಳ ಮುಂದೆ ತಡವರಿಸುವುದನ್ನು ನಾನು ಕಂಡಿದ್ದೇನೆ.

ತಡವರಿಕೆಗೆ ಒಂದು ಕಾರಣ ನಮ್ಮ ರೂಢಿ. ಕವಿ-ಕಾವ್ಯ ಪರಿಚಯವನ್ನು ಪಠ್ಯಪುಸ್ತಕದಲ್ಲಿ ಓದಿ ಬೆಳೆದ ನಮಗೆ, ಲೇಖಕರ ಪರಿಚಯವೆಂದರೆ ಹುಟ್ಟಿದ ಇಸವಿ, ತಾಲ್ಲೂಕು, ತಂದೆ ತಾಯಿಯ ಹೆಸರು, ಪದವಿ, ನೌಕರಿ, ಪ್ರಶಸ್ತಿ ಎಂಬ ಕ್ರಮ ಮನಸ್ಸಿನಲ್ಲಿ ಕೂತಿದೆ. ಅದು ಗೌರವದ ಕ್ರಮವೇ. ಆದರೆ ಹಸ್ತಪ್ರತಿಯ ಮೊದಲ ಪುಟವನ್ನು ತೆರೆಯಬೇಕೋ ಬೇಡವೋ ಎಂದು ನಿರ್ಧರಿಸುತ್ತಿರುವ ಅಪರಿಚಿತರಿಗೆ ಅದರಿಂದ ತಿಳಿಯುವುದು ಕಡಿಮೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಸಾಗರದಲ್ಲಿ ಬೆಳೆದು ಷಿಕಾಗೋದಲ್ಲಿ ನೆಲೆಸಿದ ದಾದಿಯೊಬ್ಬರು ಆಸ್ಪತ್ರೆಯ ರಾತ್ರಿ ಪಾಳಿಯನ್ನೇ ಹಂದರವಾಗಿಟ್ಟುಕೊಂಡು ಕಾದಂಬರಿ ಬರೆದಿದ್ದಾರೆ. ಅವರ ಮೊದಲ ಕರಡಿನಲ್ಲಿ ಬಿ.ಎಸ್ಸಿ. ಪದವಿಯಿದೆ, ಮದುವೆಯ ವರ್ಷವಿದೆ, ಇಬ್ಬರು ಮಕ್ಕಳಿದ್ದಾರೆ, ಚಿಕ್ಕಂದಿನಿಂದಲೂ ಓದಿನ ಹುಚ್ಚು ಎಂಬ ಮಾತಿದೆ, ತಮಗೆ ಬಂದುಹೋದ ಕಾಯಿಲೆಯೊಂದರ ವಿವರವಿದೆ. ಡಯಾಲಿಸಿಸ್ ವಿಭಾಗದಲ್ಲಿ ವರ್ಷಗಟ್ಟಲೆ ರಾತ್ರಿ ದುಡಿದ ಸಂಗತಿ ಮಾತ್ರ ಕೊನೆಯ ಸಾಲಿನಲ್ಲಿ ಅಡಗಿ ಕುಳಿತಿದೆ. ನಾನಾದರೆ ಅದನ್ನು ಹೀಗೆ ತಿದ್ದುತ್ತೇನೆ: ‘ಷಿಕಾಗೋದ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಹಲವು ವರ್ಷಗಳಿಂದ ರಾತ್ರಿ ಪಾಳಿಯ ದಾದಿಯಾಗಿದ್ದೇನೆ. ಬೆಳೆದದ್ದು ಕರ್ನಾಟಕದ ಸಾಗರದಲ್ಲಿ. ನನ್ನ ಕಥೆಗಳು ಕನ್ನಡದ ಮಾಸಿಕ ಮಯೂರದಲ್ಲಿ ಪ್ರಕಟವಾಗಿವೆ. ಇದು ನನ್ನ ಮೊದಲ ಕಾದಂಬರಿ.’ ಇಷ್ಟು ಸಾಕು. ಕಾದಂಬರಿಯೊಳಗಿನ ಲೋಕವನ್ನು ಅವರು ಕಣ್ಣಾರೆ ಬಲ್ಲವರೆಂಬುದು ಮೊದಲ ವಾಕ್ಯದಲ್ಲೇ ತಿಳಿಯಿತು.

ಕನ್ನಡದಲ್ಲಿ ಪ್ರಕಟವಾದದ್ದನ್ನು ನಮ್ಮವರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಬಹುಮಾನ ಬಂದಿದ್ದರೆ, ಅದು ಕರ್ನಾಟಕದ ಪ್ರಮುಖ ದಿನಪತ್ರಿಕೆಯ ಸ್ಪರ್ಧೆ ಎಂದು ಅರ್ಧ ವಾಕ್ಯದಲ್ಲಿ ವಿವರಿಸಿ ಸೇರಿಸಿ. ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲಂತೂ ಕನ್ನಡ ಎಂಬ ಹೆಸರನ್ನು ಆ ಲೋಕಕ್ಕೆ ಮೊದಲಿನಿಂದ ಪರಿಚಯಿಸಬೇಕಾದ ಅಗತ್ಯ ಕಡಿಮೆಯಾಗಿದೆ. ಇನ್ನು, ಏನೂ ಪ್ರಕಟವಾಗಿಲ್ಲದಿದ್ದರೆ ಅದಕ್ಕಾಗಿ ಕ್ಷಮೆ ಕೇಳುವ ಅಗತ್ಯವಿಲ್ಲ; ಮೊದಲ ಕಾದಂಬರಿ ಎಂದರೆ ಸಾಕು. ವೈದ್ಯಕೀಯ, ಇತಿಹಾಸ, ಹಣಕಾಸಿನಂಥ ವಿಷಯಗಳ ಪುಸ್ತಕವಾದರೆ ಮಾತು ಬೇರೆ: ಅಲ್ಲಿ ಬರೆಯುವವರ ವಿದ್ಯೆ, ಅನುಭವ ಮತ್ತು ಅವರಿಗಿರುವ ಓದುಗ ಬಳಗ ಇವನ್ನು ನೋಡಿಯೇ ಏಜೆಂಟರು ಮುಂದುವರಿಯುತ್ತಾರೆ, ಹಾಗಾಗಿ ಪರಿಚಯವೂ ದೀರ್ಘವಾಗಿರಬೇಕಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಶ್ನೆ. ಜಾತಿ, ಧರ್ಮ, ಲೈಂಗಿಕತೆ, ಅಂಗವೈಕಲ್ಯ, ಮಾನಸಿಕ ಕಾಯಿಲೆ, ಅನುಭವಿಸಿದ ಹಿಂಸೆ ಇವನ್ನು ಪತ್ರದಲ್ಲಿ ಬರೆಯಬೇಕೆ? 2015ರಲ್ಲಿ ಟ್ವಿಟರ್‌ನಲ್ಲಿ ‘ಓನ್ ವಾಯ್ಸಸ್’ ಎಂಬ ಹ್ಯಾಷ್‌ಟ್ಯಾಗ್ ಹುಟ್ಟಿತು. ಅಂಚಿಗೆ ತಳ್ಳಲ್ಪಟ್ಟ ಸಮುದಾಯದ ಪಾತ್ರಗಳನ್ನು ಅದೇ ಸಮುದಾಯದ ಲೇಖಕರು ಬರೆದ ಪುಸ್ತಕಗಳನ್ನು ಓದುಗರಿಗೆ ತೋರಿಸಿಕೊಡುವ ಸದುದ್ದೇಶ ಅದರದು. ಕಾಲಕ್ರಮೇಣ ಅದು ಪ್ರಕಾಶನ ಲೋಕದಲ್ಲಿ ಒಂದು ಹಣೆಪಟ್ಟಿಯಾಯಿತು, ಲೇಖಕರು ತಮ್ಮ ಬದುಕನ್ನು ಬಿಚ್ಚಿಟ್ಟು ಅರ್ಹತೆ ಸಾಬೀತುಪಡಿಸಬೇಕೆಂಬ ಒತ್ತಡ ಬೆಳೆಯಿತು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಲೇಖಕಿ ಬೆಕಿ ಆಲ್ಬರ್ಟಲಿ, ಸಲಿಂಗಾಸಕ್ತ ಪಾತ್ರಗಳ ಬಗ್ಗೆ ಬರೆಯುವ ತಮ್ಮ ಹಕ್ಕನ್ನೇ ಪ್ರಶ್ನಿಸುತ್ತಿದ್ದವರ ನಡುವೆ, ತಾವು ದ್ವಿಲಿಂಗಾಸಕ್ತರೆಂದು ಬಹಿರಂಗವಾಗಿ ಬರೆಯಬೇಕಾಯಿತು. ಮರುವರ್ಷ, ಮಕ್ಕಳ ಪುಸ್ತಕಗಳಲ್ಲಿ ವೈವಿಧ್ಯ ಬೇಕೆಂದು ದುಡಿಯುವ ಅಮೆರಿಕದ ‘ವಿ ನೀಡ್ ಡೈವರ್ಸ್ ಬುಕ್ಸ್’ ಸಂಸ್ಥೆ ‘ಓನ್ ವಾಯ್ಸಸ್’ ಹಣೆಪಟ್ಟಿಯನ್ನು ಬಳಸುವುದನ್ನೇ ಕೈಬಿಟ್ಟಿತು.

ಹೀಗಿರುವಾಗ, ಬರೆಯುವ ಮುನ್ನ ಒಂದು ಸಂಗತಿ ಗೊತ್ತಿರಬೇಕು. ಪತ್ರದಲ್ಲಿ ಬರೆದ ವಾಕ್ಯ ಏಜೆಂಟರಲ್ಲೇ ನಿಲ್ಲುವುದಿಲ್ಲ. ಅವರು ಸಂಪಾದಕರಿಗೆ ಬರೆಯುವ ಪತ್ರಕ್ಕೆ, ಅಲ್ಲಿಂದ ಮಾರಾಟ ವಿಭಾಗಕ್ಕೆ, ಪ್ರಕಾಶಕರ ಕ್ಯಾಟಲಾಗಿಗೆ, ಪುಸ್ತಕದ ಬೆನ್ನುಡಿಗೆ, ಕೊನೆಗೆ ಸಂದರ್ಶಕರ ಮೊದಲ ಪ್ರಶ್ನೆಗೆ ಅದು ಸಾಗಬಹುದು. ದಲಿತ ಕುಟುಂಬದಲ್ಲಿ ಬೆಳೆದ ಕಾದಂಬರಿಕಾರರೊಬ್ಬರು ತಮ್ಮ ಕೃತಿಯ ಬೆನ್ನಿಗೆ ಆ ಬದುಕಿದೆ ಎಂದು ತಲೆಯೆತ್ತಿ ಹೇಳಲು ಬಯಸಿದರೆ ಅದು ಪತ್ರಕ್ಕೆ ಬಲ ತರುವ ವಾಕ್ಯ. ಅದೇ ವ್ಯಕ್ತಿ ಬಾಡಿಗೆ ಮನೆಯ ಮಾಲೀಕರಿಗೆ, ಕಚೇರಿಯ ಸಹೋದ್ಯೋಗಿಗಳಿಗೆ ಅದನ್ನು ಹೇಳಿಕೊಂಡಿಲ್ಲವಾದರೆ, ಅಪರಿಚಿತ ಏಜೆಂಟರ ಮೆಚ್ಚುಗೆಗಾಗಿ ಹೇಳಬೇಕೆಂದು ಯಾರೂ ಒತ್ತಾಯಿಸಕೂಡದು. ‘ಈ ಕಥೆ ನಾನು ಬೆಳೆದ ಕೇರಿಯದು’ ಎಂಬಷ್ಟನ್ನೇ ಬರೆದು ನಿಲ್ಲಿಸುವ ಸ್ವಾತಂತ್ರ್ಯವೂ ಅವರದೇ. ತಾಯಿಯ ಕಾಯಿಲೆ, ತಂಗಿಯ ಮುರಿದ ಮದುವೆ ಇಂಥವನ್ನು ನಮ್ಮ ಪರಿಚಯದ ಭಾಗವಾಗಿ ಬರೆಯುವಾಗ ಇನ್ನೂ ಎಚ್ಚರ ಬೇಕು. ಅವರನ್ನು ಮೊದಲು ಕೇಳಬೇಕು.

ಮುಚ್ಚಿಡಬಾರದ ಸಂಗತಿಗಳೂ ಇವೆ. ಇದೇ ಕೃತಿಯನ್ನು ಈಗಾಗಲೇ ಸ್ವಂತವಾಗಿ ಪ್ರಕಟಿಸಿದ್ದರೆ, ಅಥವಾ ಅದು ಕನ್ನಡದಲ್ಲಿ ಬಂದ ಪುಸ್ತಕದ ಅನುವಾದವಾಗಿದ್ದರೆ, ಹಕ್ಕು ಯಾರ ಬಳಿ ಇದೆ ಎಂಬುದನ್ನು ಪತ್ರದಲ್ಲೇ ತಿಳಿಸಬೇಕು. ಕಾವ್ಯನಾಮದ ಹಿಂದಿನ ಕಾರಣ, ಪಾತ್ರವೊಂದರ ಹಿಂದೆ ಗುರುತು ಹಿಡಿಯಬಹುದಾದ ನಿಜವಾದ ವ್ಯಕ್ತಿ ಇರುವ ವಿಷಯ, ಸರ್ಕಾರಿ ನೌಕರರಾಗಿದ್ದರೆ ಇಲಾಖೆಯ ಅನುಮತಿಯ ಪ್ರಶ್ನೆ ಇವನ್ನು ಮೊದಲ ಪತ್ರಕ್ಕೆ ತುರುಕಬೇಕಾಗಿಲ್ಲ. ಏಜೆಂಟರು ಪೂರ್ತಿ ಹಸ್ತಪ್ರತಿ ಓದಿ ಮೆಚ್ಚಿದರೆ, ಮಾತನಾಡಲು ಕರೆ ಮಾಡುತ್ತಾರೆ. ಆ ಮಾತುಕತೆಯಲ್ಲಿ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಅವನ್ನು ಸ್ಪಷ್ಟವಾಗಿ ಹೇಳಿ. ಪುಸ್ತಕದ ಪ್ರಚಾರದಲ್ಲಿ ನಿಮ್ಮ ಬದುಕಿನ ಯಾವ ಭಾಗ ಬರಬಾರದು ಎಂಬುದನ್ನೂ ಆಗಲೇ ಅವರಿಗೆ ತಿಳಿಸಿ.

ನಮಸ್ಕಾರ.